ಹೊಲಿದು ಕೊಟ್ಟ ತಂಡಗಳು ಇಷ್ಟು ವರ್ಷ ಹೇಗೆ ಬಾಳುತ್ತವೆ?

ನಮ್ಮ ಭಾವ ಬಳ್ಳಾರಿಯ ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಸುತ್ತಾರೆ. ಸಣ್ಣ ಯೂನಿಟ್ಟು, ಹದಿನೆಂಟು ಮಷೀನು. ಅವರ ಮಗಳು ಈಗ ಪಿಯುಸಿ. ಅವಳ ಹತ್ತಿರ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಇದೆ, ಅದರ ತುಂಬ ದಕ್ಷಿಣ ಕೊರಿಯಾದ ಹಾಡು ಕುಣಿತದ ತಂಡ ಬಿಟಿಎಸ್ ಹುಡುಗರ ಫೋಟೊಕಾರ್ಡು, ಅಂದರೆ ಆಲ್ಬಮ್ ಜೊತೆ ಬರುವ ಚಿಕ್ಕ ಫೋಟೊಗಳು. ಮೂಲೆ ಮಡಚಬಾರದು ಅಂತ ಒಂದೊಂದಕ್ಕೂ ಪ್ಲಾಸ್ಟಿಕ್ ಕವರು ಹಾಕಿಟ್ಟಿದ್ದಾಳೆ. ಹೋದ ತಿಂಗಳು ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಭಾವ ಆ ಡಬ್ಬಿ ನೋಡಿ, "ಇವೆಲ್ಲ ಕಂಪನಿಯವರು ರೆಡಿ ಮಾಡಿದ ಮಾಲು. ನಾಲ್ಕು ದಿನ ಮೆರೀತಾವೆ, ಆಮೇಲೆ ಹೊಸ ಮಾಲು ಬರ್ತದೆ" ಅಂದರು. ಅವಳು ತಟ್ಟೆಯಿಂದ ತಲೆ ಎತ್ತದೇ, "ಅಪ್ಪ, ಇವರು ಬಂದಿದ್ದು 2013ರಲ್ಲಿ. ನಿನ್ನ ನಾಲ್ಕು ದಿನ ಯಾವಾಗ ಮುಗೀತದೆ?" ಅಂದಳು.

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. "ಮಾಮ, ನೀನೇ ಹೇಳು."

ಅವತ್ತು ಊಟದ ಮಧ್ಯೆ ಅರ್ಧಂಬರ್ಧ ಹೇಳಿ ಬಂದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ. ಯಾಕಂದ್ರೆ ಇಬ್ಬರ ಮಾತಲ್ಲೂ ನಿಜ ಇದೆ. ಭಾವ ಹೇಳಿದ ಹಾಗೆ ಇವು ತಯಾರಿಸಿದ ತಂಡಗಳೇ. ಆದರೂ ಅವುಗಳಲ್ಲಿ ಕೆಲವು ಮೂವತ್ತು, ಐವತ್ತು ವರ್ಷ ಬಾಳಿವೆ. ಎರಡೂ ಒಟ್ಟಿಗೆ ನಿಜ ಆಗೋದು ಹೇಗೆ ಅನ್ನೋದೇ ವಿಷಯ.

ಮೊದಲು ತಯಾರಿಸಿದ ತಂಡ ಅಂದರೆ ಏನು ನೋಡೋಣ. ನಾಲ್ಕು ಜನ ಗೆಳೆಯರು ಸೇರಿ, ಯಾರದೋ ಮನೆ ಮಾಳಿಗೆ ಮೇಲೆ ಗಿಟಾರು ಬಾರಿಸುತ್ತ ಬಾರಿಸುತ್ತ ಬ್ಯಾಂಡ್ ಆಗುತ್ತಾರೆ. ಇದು ಒಂದು ದಾರಿ. ಇನ್ನೊಂದು ದಾರಿಯಲ್ಲಿ ಮೊದಲು ಬರುವವನು ಮಾಲೀಕ. ಅವನ ತಲೆಯಲ್ಲಿ ತಂಡದ ಚಿತ್ರ ಮೊದಲೇ ಇರುತ್ತೆ. ಎಷ್ಟು ಜನ, ಯಾವ ವಯಸ್ಸು, ಯಾರು ತುಂಟ, ಯಾರು ಸೌಮ್ಯ. ಆಮೇಲೆ ಪೇಪರಿನಲ್ಲಿ ಜಾಹೀರಾತು, ಆಡಿಷನ್, ಆಯ್ಕೆ, ತರಬೇತಿ. ಹಾಡು ಬರೆಯುವವರು ಬೇರೆ, ಟ್ಯೂನ್ ಹಾಕುವವರು ಬೇರೆ, ಕುಣಿತ ಕಲಿಸುವವರು ಬೇರೆ.

ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ನಮ್ಮೂರಿನ ಜೀನ್ಸ್ ಆಗೋದೇ ಹೀಗೆ. ಬಟ್ಟೆ ಎಲ್ಲಿಂದಲೋ ಬರುತ್ತೆ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ, ಗುಂಡಿ ಹಾಕೋದು, ಉಳಿದ ದಾರ ಕತ್ತರಿಸೋದು ಬೇರೆಯವರ ಕೈಯಲ್ಲಿ. ಹಾಕಿಕೊಂಡವನು "ಇದನ್ನ ಒಬ್ಬನೇ ಟೈಲರ್ ಹೊಲಿದನಾ" ಅಂತ ಕೇಳಲ್ಲ. ಹೊಲಿಗೆ ಬಿಡದಿದ್ದರೆ ಸಾಕು, ಮೂರು ವರ್ಷ ಹಾಕ್ತಾನೆ.

ಸುಮ್ನೆ ಹೋಲಿಕೆಗೆ ಹೇಳಿದ್ದಲ್ಲ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಬೆರ್ರಿ ಗಾರ್ಡಿ ಅನ್ನುವವರು ಕಾರಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಒಂದು ಕಡೆಯಿಂದ ಬರೀ ಲೋಹದ ಚೌಕಟ್ಟು ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊಸ ಕಾರು ಹೊರಗೆ ಬರೋದನ್ನ ದಿನಾ ನೋಡಿದವರು. 1959ರಲ್ಲಿ ಅವರು ಮೋಟೌನ್ ರೆಕಾರ್ಡ್ ಕಂಪನಿ ಕಟ್ಟಿದಾಗ ಅದೇ ಲೆಕ್ಕ ಹಾಕಿದರು. ಹಾಡು ಬರೆಯಲು ಒಂದು ಗುಂಪು, ಬಾರಿಸಲು ಸಂಬಳದ ವಾದ್ಯಗಾರರು, ಹುಡುಗಿಯರಿಗೆ ನಡೆಯೋದು ಕೂರೋದು ಕಲಿಸಲು ಮ್ಯಾಕ್ಸಿನ್ ಪೊವೆಲ್ ಅನ್ನುವ ಟೀಚರ್, ಹೆಜ್ಜೆ ಕಲಿಸಲು ಚಾಲಿ ಆಟ್ಕಿನ್ಸ್. ಸುಪ್ರೀಮ್ಸ್, ಟೆಂಪ್ಟೇಷನ್ಸ್ ಅನ್ನುವ ಹಾಡುವ ತಂಡಗಳೆಲ್ಲ ಆ ಸಾಲಿನಿಂದ ಹೊರಗೆ ಬಂದವು. ಅರವತ್ತು ವರ್ಷ ಆಯ್ತು, ಇವತ್ತಿಗೂ ಜನ ಕೇಳ್ತಾರೆ.

ಹಾಗಾಗಿ ಕಾರ್ಖಾನೆ ಅನ್ನೋದು ಬೈಗುಳ ಅಲ್ಲ. ಕಾರ್ಖಾನೆ ಮಾಲಲ್ಲೂ ಬಾಳಿಕೆ ಬರೋದು ಯಾವುದು, ಬರದೇ ಇರೋದು ಯಾವುದು ಅಂತ ಕೇಳಬೇಕು.

ಇದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಕಥೆ ಮಂಕೀಸ್ ಅನ್ನುವ ಅಮೆರಿಕದ ತಂಡದ್ದು. 1965ರ ಸೆಪ್ಟೆಂಬರ್‌ನಲ್ಲಿ ಹಾಲಿವುಡ್‌ನ ಸಿನಿಮಾ ಪತ್ರಿಕೆಗಳಲ್ಲಿ ಒಂದು ಜಾಹೀರಾತು ಬಂತು. ಟೀವಿ ಧಾರಾವಾಹಿಯಲ್ಲಿ ಬ್ಯಾಂಡ್ ಹುಡುಗರ ಪಾತ್ರ ಮಾಡಲು 17ರಿಂದ 21 ವರ್ಷದ ನಾಲ್ಕು ಜನ ಬೇಕು ಅಂತ. ನಾನೂರಕ್ಕೂ ಜಾಸ್ತಿ ಹುಡುಗರು ಬಂದರು. ಕೊನೆಗೆ ಉಳಿದವರು ಮಿಕಿ ಡೊಲೆಂಜ್, ಡೇವಿ ಜೋನ್ಸ್, ಮೈಕೆಲ್ ನೆಸ್ಮಿತ್, ಪೀಟರ್ ಟಾರ್ಕ್. ನೋಡಿ, ಅವರನ್ನು ಬ್ಯಾಂಡ್ ಆಗಲು ಕರೆದಿದ್ದೇ ಅಲ್ಲ, ಬ್ಯಾಂಡ್ ಥರ ನಟಿಸಲು ಕರೆದಿದ್ದು. ಮಿಕಿ ಡೊಲೆಂಜ್‌ಗೆ ಡ್ರಮ್ಸ್ ಬಾರಿಸೋಕೇ ಬರುತ್ತಿರಲಿಲ್ಲ. ನೀನು ಡ್ರಮ್ಮರ್ ಅಂದರು, ಆಮೇಲೆ ಕಲಿತ.

1966ರಲ್ಲಿ ಧಾರಾವಾಹಿ ಶುರುವಾಯ್ತು. ಸಂಗೀತದ ಉಸ್ತುವಾರಿ ಡಾನ್ ಕರ್ಶ್ನರ್ ಕೈಯಲ್ಲಿ. ಆತ ಹಾಡುಗಳನ್ನ ದೊಡ್ಡ ದೊಡ್ಡ ಬರಹಗಾರರಿಂದ ತರಿಸುತ್ತಿದ್ದ, ಅದರಲ್ಲಿ ಆಗಿನ್ನೂ ಮೇಲೆ ಬರುತ್ತಿದ್ದ ನೀಲ್ ಡೈಮಂಡ್ ಕೂಡ ಒಬ್ಬ. ವಾದ್ಯ ಬಾರಿಸಿದ್ದು ಹೆಚ್ಚಾಗಿ ಸ್ಟುಡಿಯೋದವರು. ಹುಡುಗರ ಕೆಲಸ ಹೆಚ್ಚಾಗಿ ಬಂದು ಹಾಡಿ ಹೋಗೋದು. ಹಾಡುಗಳು ನಂಬರ್ ಒನ್ ಆದವು. ಆದರೆ 1967ರ ಜನವರಿಯಲ್ಲಿ ಎರಡನೇ ಆಲ್ಬಮ್ ಅಂಗಡಿಗೆ ಬಂದಾಗ, ಅದು ಬರ್ತಿದೆ ಅಂತ ಸ್ವತಃ ಆ ನಾಲ್ಕು ಜನಕ್ಕೇ ಗೊತ್ತಿರಲಿಲ್ಲ. ಮುಖಪುಟದಲ್ಲಿ ಅವರದೇ ಫೋಟೊ, ಒಳಗೆ ಯಾವ ಹಾಡಿದೆ ಅಂತ ಅವರೇ ಕೊಂಡು ನೋಡಬೇಕಾದ ಸ್ಥಿತಿ. ನೆಸ್ಮಿತ್ ಸಿಟ್ಟಿಗೆದ್ದು, ಹೋಟೆಲ್ ಕೋಣೆಯಲ್ಲಿ ನಡೆದ ಮಾತುಕತೆಯಲ್ಲಿ ಗೋಡೆಗೆ ಮುಷ್ಟಿ ಹಾಕಿ ಗುದ್ದಿದ. ಕೆಲವೇ ವಾರದಲ್ಲಿ ಕರ್ಶ್ನರ್ ಕೆಲಸ ಹೋಯ್ತು. ಅದೇ ವರ್ಷದ ಮೂರನೇ ಆಲ್ಬಮ್ಮಿನಲ್ಲಿ ವಾದ್ಯ ಬಹುಪಾಲು ಅವರೇ ಬಾರಿಸಿದರು. ಅಷ್ಟೇನೂ ಪಳಗಿದ ಕೈಗಳಲ್ಲ, ಕಿವಿಗೊಟ್ಟರೆ ಗೊತ್ತಾಗುತ್ತೆ. ಆದರೂ ನಂಬರ್ ಒನ್ ಆಯ್ತು, ಬೀಟಲ್ಸ್‌ನವರ ಹೊಸ ಆಲ್ಬಮ್ ಬಂದು ಕೆಳಗೆ ತಳ್ಳುವವರೆಗೆ.

ಧಾರಾವಾಹಿ 1968ರಲ್ಲಿ ಮುಗಿಯಿತು. ಕಂಪನಿಯ ಲೆಕ್ಕದಲ್ಲಿ ಅಲ್ಲಿಗೆ ಆ ಮಾಲು ಖಲಾಸ್. ಆದರೆ 1986ರಲ್ಲಿ ಎಂಟೀವಿ ಹಳೆಯ ಕಂತುಗಳನ್ನ ಮತ್ತೆ ಹಾಕಿತು ನೋಡಿ, ಹುಟ್ಟುವ ಮೊದಲೇ ಮುಗಿದಿದ್ದ ಧಾರಾವಾಹಿಗೆ ಹೊಸ ಮಕ್ಕಳು ಮರುಳಾದರು. ತಂಡ ಮತ್ತೆ ಸೇರಿ ಊರೂರು ಸುತ್ತಿತು. 2012ರಲ್ಲಿ ಡೇವಿ ಜೋನ್ಸ್, 2019ರಲ್ಲಿ ಪೀಟರ್ ಟಾರ್ಕ್ ತೀರಿಕೊಂಡರು. 2021ರಲ್ಲಿ ಉಳಿದ ಇಬ್ಬರು ವಿದಾಯದ ಪ್ರವಾಸ ಮಾಡಿದರು, ಅದು ಮುಗಿದ ಕೆಲವೇ ವಾರಕ್ಕೆ ನೆಸ್ಮಿತ್ ಕೂಡ ಹೋದ. ಐವತ್ತೈದು ವರ್ಷ. ಎರಡು ವರ್ಷದ ಟೀವಿ ಕೆಲಸಕ್ಕೆ ಅಂತ ಆರಿಸಿಕೊಂಡ ಹುಡುಗರು ಇವರು.

ನನ್ನ ಪ್ರಕಾರ ಕೀಲಿಕೈ ಆ ಗೋಡೆಯ ಗುದ್ದಿನಲ್ಲಿದೆ. ತಂಡವನ್ನ ಕಟ್ಟಿದವರು ಯಾರು ಅನ್ನೋದು ಅಷ್ಟು ಮುಖ್ಯ ಅಲ್ಲ. ಕಟ್ಟಿದ ಮೇಲೆ ಅದು ಯಾರ ಕೈಗೆ ಹೋಯ್ತು ಅನ್ನೋದು ಮುಖ್ಯ. ಮಾಲೀಕನ ಕೈಯಲ್ಲೇ ಉಳಿದ ತಂಡ ಸಾಮಾನ್ಯವಾಗಿ ಅವನ ಆಸಕ್ತಿ ಇರುವಷ್ಟು ದಿನ ಬಾಳುತ್ತೆ. ಹಾಡುವವರ ಕೈಗೆ, ಕೇಳುವವರ ಕೈಗೆ ಜಾರಿದ ತಂಡ ಮಾಲೀಕನನ್ನೂ ದಾಟಿ ಬಾಳುತ್ತೆ.

ಕರ್ಶ್ನರ್ ಕಲಿತ ಪಾಠ ಬೇರೆಯೇ. ಮನುಷ್ಯರಿದ್ದರೆ ತಾನೇ ಎದುರು ಮಾತಾಡೋದು? ಮುಂದಿನ ಸಲ ಆತ ಕಾರ್ಟೂನ್ ಪಾತ್ರಗಳ ಬ್ಯಾಂಡ್ ಹಿಡಿದ, ಆರ್ಚೀಸ್. 1969ರಲ್ಲಿ ಅವರ 'ಶುಗರ್ ಶುಗರ್' ಅಮೆರಿಕದಲ್ಲಿ ಆ ವರ್ಷದ ಅತಿ ದೊಡ್ಡ ಹಾಡಾಯ್ತು. ಹಾಡು ಉಳಿಯಿತು. ಆದರೆ ಆರ್ಚೀಸ್ ಟಿಕೆಟ್ ತಗೊಂಡು ಯಾರೂ ಐವತ್ತು ವರ್ಷ ಆದಮೇಲೆ ಮೈದಾನಕ್ಕೆ ಹೋಗಲಿಲ್ಲ. ಹೋಗೋಕೆ ಅಲ್ಲಿ ಯಾರೂ ಇರಲಿಲ್ಲ.

ಇನ್ನೊಂದು ಥರದ ಬಾಳಿಕೆಯೂ ಇದೆ, ಅದನ್ನ ನಮ್ಮ ಕಡೆಯವರು ಚೆನ್ನಾಗಿ ಬಲ್ಲರು. ಕಂಪನಿ ನಾಟಕ. ಮಾಲೀಕರು ಕಲಾವಿದರನ್ನ ಊರೂರಿಂದ ಕೂಡಿಸುತ್ತಾರೆ, ನಾಯಕಿ, ಖಳನಾಯಕ, ಹಾಸ್ಯದವ, ಹಾರ್ಮೋನಿಯಂ ಮಾಸ್ತರು. ಜಾತ್ರೆ ಬಂತು ಅಂದರೆ ಕ್ಯಾಂಪ್. ಚಿಕ್ಕವನಿದ್ದಾಗ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗ ಅಜ್ಜಿ ಜೊತೆ ನಾಟಕಕ್ಕೆ ಹೋಗಿದ್ದೆ. ಹಾಸ್ಯದವ ಒಳಗೆ ಬಂದ ಕೂಡಲೇ ಪಕ್ಕದಲ್ಲಿ ಕೂತ ಹೆಂಗಸೊಬ್ಬರು, "ಹೋದ ವರ್ಷ ಇದ್ದವ ಇವ ಅಲ್ಲ" ಅಂತ ಅಜ್ಜಿಗೆ ಹೇಳಿದರು, ಬೇಜಾರಿನಿಂದ. ಅವನು ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನ ಮಗುವಿನ ಥರ ಕಂಕುಳಲ್ಲಿ ಇಟ್ಟುಕೊಂಡು ಇಡೀ ಸೀನ್ ಮಾಡಿದ. ಮಧ್ಯಂತರಕ್ಕೆ ಅದೇ ಹೆಂಗಸು ನಕ್ಕೂ ನಕ್ಕೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮನುಷ್ಯ ಬದಲಾಗಿದ್ದ, ಜಾಗ ಖಾಲಿ ಬಿದ್ದಿರಲಿಲ್ಲ.

ಜಪಾನಿನ ಮಾರ್ನಿಂಗ್ ಮುಸುಮೆ ಹುಡುಗಿಯರ ತಂಡ ನಡೆಯೋದು ಇದೇ ಲೆಕ್ಕದಲ್ಲಿ. 1997ರಲ್ಲಿ ಒಂದು ಟೀವಿ ಸ್ಪರ್ಧೆಯಲ್ಲಿ ಸೋತ ಐದು ಹುಡುಗಿಯರಿಗೆ, ಐದು ದಿನದಲ್ಲಿ 50,000 ಸೀಡಿ ಮಾರಿದರೆ ತಂಡ ಮಾಡ್ತೀವಿ ಅಂತ ಷರತ್ತು ಹಾಕಿದರು. ನಾಲ್ಕೇ ದಿನದಲ್ಲಿ ಮಾರಿದರು. ಆಮೇಲಿನಿಂದ ಹಳಬರು ಬಿಡುತ್ತ, ಹೊಸಬರು ಸೇರುತ್ತ ತಂಡ ಇವತ್ತಿಗೂ ನಡೀತಿದೆ. ಬಿಡೋದಕ್ಕೆ ಅವರು ಪದವಿ ಮುಗಿಸಿದರು ಅಂತ ಹೇಳ್ತಾರೆ. ಜಗಳ, ಮುನಿಸು ಏನಿಲ್ಲ, ಶಾಲೆ ಬಿಟ್ಟ ಹಾಗೆ. ಪೋರ್ಟೊ ರಿಕೊದ ಮೆನುಡೊ ಕೂಡ ಹಾಗೇ, 1977ರಿಂದ, ಹುಡುಗರಿಗೆ ಹದಿನಾರರ ಆಚೀಚೆ ಆಯ್ತು ಅಂದರೆ ಜಾಗ ಬಿಡಬೇಕಿತ್ತು. ರಿಕಿ ಮಾರ್ಟಿನ್ ಅಲ್ಲಿಂದ ಬಂದವನೇ.

ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ ಅವರು ಕಂಪನಿ ನಾಟಕಗಳಲ್ಲೇ ಬೆಳೆದವರು. ಮಾಲೀಕ ಕೊಟ್ಟ ಪಾತ್ರ, ಬೇರೆಯವರು ಬರೆದ ಮಾತು, ಬೇರೆಯವರು ಹಾಕಿದ ರಂಗಗೀತೆ. ಅವರನ್ನ ಯಾರಾದರೂ ತಯಾರಿಸಿದ ಕಲಾವಿದೆ ಅಂದಾರಾ? ಕಂಠ ಅವರದು, ರಂಗದ ಮೇಲೆ ನಿಂತ ಧೈರ್ಯ ಅವರದು. ಪಾಪ್ ತಂಡದ ಹುಡುಗಿಗೂ ಅಷ್ಟೇ ನ್ಯಾಯ ಸಿಗಬೇಕು ಅನ್ನೋದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಆಕ್ಷೇಪ ಬರುತ್ತೆ. ಹಾಡೋದೇ ಬೇರೆಯವರಾದರೆ? ಇದಕ್ಕೆ ಒಬ್ಬನೇ ಮನುಷ್ಯನ ಎರಡು ತಂಡ ನೋಡಿದರೆ ಸಾಕು. ಜರ್ಮನಿಯ ಫ್ರಾಂಕ್ ಫಾರಿಯನ್ ಎಪ್ಪತ್ತರ ದಶಕದಲ್ಲಿ ಬೋನಿ ಎಂ ಕಟ್ಟಿದ. ನಮ್ಮ ದೇಶದಲ್ಲೂ ಮನೆಮಾತಾಗಿದ್ದ ತಂಡ. ಅದರಲ್ಲಿ ಕುಣಿಯುತ್ತಿದ್ದ ಬಾಬಿ ಫ್ಯಾರೆಲ್ ರೆಕಾರ್ಡಿನಲ್ಲಿ ಹಾಡಿಲ್ಲ, ಆ ದಪ್ಪ ಗಂಡಸಿನ ದನಿ ಫಾರಿಯನ್‌ದೇ. ಹತ್ತು ಹನ್ನೆರಡು ವರ್ಷ ಆದಮೇಲೆ ಅದೇ ಫಾರಿಯನ್ ಮಿಲಿ ವನಿಲಿ ಕಟ್ಟಿದ. ರಾಬ್ ಮತ್ತು ಫ್ಯಾಬ್ ಅನ್ನುವ ಇಬ್ಬರು ಚೆಲುವರು ಮುಂದೆ, ಹಾಡಿದವರು ಪೂರಾ ಬೇರೆ. 1990ರಲ್ಲಿ ಗ್ರ್ಯಾಮಿ ಬಂತು, ಗುಟ್ಟು ರಟ್ಟಾಗಿ ಅದೇ ವರ್ಷ ವಾಪಸ್ ಹೋಯ್ತು. ತಂಡ ಮುಗಿಯಿತು.

ಒಂದು ಉಳಿಯಿತು, ಒಂದು ಸತ್ತಿತು. ಯಾಕೆ? ಬೋನಿ ಎಂನಲ್ಲಿ ಲಿಜ್ ಮಿಚೆಲ್, ಮಾರ್ಸಿಯಾ ಬ್ಯಾರೆಟ್ ನಿಜವಾಗಿ ಹಾಡುತ್ತಿದ್ದರು, ವೇದಿಕೆ ಮೇಲೂ ಇದ್ದರು. ಕೇಳುಗರಿಗೆ ಹಿಡಿದುಕೊಳ್ಳಲು ಒಂದು ನಿಜ ಇತ್ತು. ಬಾಬಿಯ ಕುಣಿತ ಕೂಡ ನಿಜವೇ, ಆ ಕಾಲು ಬೇರೆಯವರದಲ್ಲ! ಮಿಲಿ ವನಿಲಿಗೆ ಒಳ್ಳೆಯ ಹೊಸ ಕಲಾವಿದರು ಅಂತ ಪ್ರಶಸ್ತಿ ಬಂದಿತ್ತು, ಹಾಡಿದ ದನಿಯೇ ಅವರದಾಗಿರಲಿಲ್ಲ.

ನಮಗೆ ಕನ್ನಡದವರಿಗೆ ಇದು ಇನ್ನೂ ಸುಲಭವಾಗಿ ಅರ್ಥ ಆಗಬೇಕು. ಎಪ್ಪತ್ತರ ದಶಕದ ಮಧ್ಯದವರೆಗೆ ರಾಜ್‌ಕುಮಾರ್ ಅವರಿಗೆ ಹೆಚ್ಚಾಗಿ ಹಾಡಿದ್ದು ಪಿ.ಬಿ. ಶ್ರೀನಿವಾಸ್. ಯಾರಿಗಾದರೂ ಮೋಸ ಅನ್ನಿಸಿತ್ತಾ? ಇಲ್ಲ. ಯಾಕಂದ್ರೆ ತೆರೆಯ ಮೇಲೆ, ಗ್ರಾಮಫೋನ್ ತಟ್ಟೆಯ ಮೇಲೆ, ರೇಡಿಯೋದಲ್ಲಿ ಅವರ ಹೆಸರು ಹೇಳುತ್ತಿದ್ದರು. ಕೆಲಸ ಹಂಚಿಕೊಂಡರೆ ಜನ ಬೇಜಾರು ಮಾಡ್ಕೊಳ್ಳಲ್ಲ. ಹಂಚಿಕೊಂಡಿದ್ದನ್ನ ಮುಚ್ಚಿಟ್ಟರೆ ಮಾತ್ರ ಸಹಿಸಲ್ಲ. ಅಂದಹಾಗೆ ನಿಜವಾದ ಬ್ಯಾಂಡ್ ಅಂತ ಹೊಗಳಿಸಿಕೊಂಡ ಅಮೆರಿಕದ ಬರ್ಡ್ಸ್ ತಂಡದ ಮೊದಲ ಹಿಟ್ ಹಾಡಿನಲ್ಲಿ ತಂಡದ ಒಬ್ಬನೇ ವಾದ್ಯ ಬಾರಿಸಿದ್ದು, ಉಳಿದವರೆಲ್ಲ ಬಾಡಿಗೆ ವಾದ್ಯಗಾರರು. ಗೆರೆ ನಾವಂದುಕೊಂಡಷ್ಟು ನೆಟ್ಟಗಿಲ್ಲ.

ಇನ್ನು ಹಾಡಿನ ವಿಷಯ. ಹಾಡು ಗಟ್ಟಿ ಇಲ್ಲದಿದ್ದರೆ ಮೇಲಿನದೆಲ್ಲ ವ್ಯರ್ಥ. ತಯಾರಿಸಿದ ತಂಡಗಳಿಗೆ ಇರುವ ಒಂದು ಅನುಕೂಲ ಏನಂದರೆ, ಅವರು ತಮ್ಮದೇ ಹಾಡು ಹಾಡಬೇಕು ಅನ್ನುವ ಹಟಕ್ಕೆ ಬೀಳಬೇಕಿಲ್ಲ. ಊರಲ್ಲೇ ಒಳ್ಳೆಯ ಕಸುಬುದಾರನ ಹತ್ತಿರ ಹೋಗಬಹುದು. ತೊಂಬತ್ತರ ದಶಕದಲ್ಲಿ ಆ ಕಸುಬುದಾರರು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಚೈರಾನ್ ಅನ್ನುವ ಸ್ಟುಡಿಯೋದಲ್ಲಿದ್ದರು, ಅವರಲ್ಲಿ ಬಹಳ ಹೆಸರಾದವನು ಮ್ಯಾಕ್ಸ್ ಮಾರ್ಟಿನ್. ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಅನ್ನುವ ಅಮೆರಿಕದ ಐದು ಹುಡುಗರ ತಂಡಕ್ಕೆ 1999ರಲ್ಲಿ ಆತ ಕೊಟ್ಟ 'ಐ ವಾಂಟ್ ಇಟ್ ದಟ್ ವೇ' ಹಾಡಿನ ಸಾಲುಗಳಿಗೆ ನೆಟ್ಟಗೆ ಅರ್ಥವೇ ಇಲ್ಲ. ಒಂದು ಸಾಲು ಹೇಳಿದ್ದನ್ನ ಮುಂದಿನ ಸಾಲು ಅಲ್ಲಗಳೆಯುತ್ತೆ. ಅರ್ಥ ಸರಿಮಾಡಿ ಇನ್ನೊಂದು ಸಾಹಿತ್ಯವನ್ನೂ ಬರೆಸಿ ರೆಕಾರ್ಡ್ ಮಾಡಿದ್ದರು. ಹುಡುಗರು ಕೇಳಿ, ಹಳೆಯದೇ ಇರಲಿ ಅಂದರು. ಟ್ಯೂನಿನ ಮೇಲೆ ಆ ಅರ್ಥವಿಲ್ಲದ ಪದಗಳೇ ಚೆನ್ನಾಗಿ ಕೂತಿದ್ದವು. ಟ್ಯೂನಿಗೆ ಪದ ಕೂರಿಸುವ ಕೆಲಸ ನಮ್ಮ ಸಿನಿಮಾದವರಿಗೂ ಹೊಸದಲ್ಲ, ಅವರಿಗೆ ಇದು ತಟ್ಟನೆ ಹೊಳೆಯುತ್ತೆ.

ಒಳ್ಳೆಯ ಹಾಡು ಮುಂದುವರಿದು ಸಿಗುತ್ತಿರಬೇಕು, ಒಂದು ಸಾಲದು. ಬ್ರಿಟನ್ನಿನಲ್ಲಿ 2001ರ ಟೀವಿ ಸ್ಪರ್ಧೆಯಿಂದ ಬಂದ ಹಿಯರ್‌ಸೇ ತಂಡದ ಮೊದಲ ಹಾಡು ಒಂದೇ ವಾರದಲ್ಲಿ ಐದು ಲಕ್ಷಕ್ಕೂ ಜಾಸ್ತಿ ಮಾರಾಟವಾಯ್ತು. ಮುಂದಿನ ವರ್ಷವೇ ತಂಡ ಒಡೆಯಿತು. 2002ರ ಇನ್ನೊಂದು ಸ್ಪರ್ಧೆಯಿಂದ ಬಂದ ಗರ್ಲ್ಸ್ ಅಲೌಡ್‌ಗೆ ಜೆನೊಮೇನಿಯಾ ಅನ್ನುವ ಬರಹಗಾರರ ಗುಂಪು ಸಿಕ್ಕಿತು, ವರ್ಷ ವರ್ಷ ಹೊಸ ಥರದ ಹಾಡು ಕೊಟ್ಟಿತು. ಅವರು 2013ರವರೆಗೆ ಇದ್ದರು. 2021ರಲ್ಲಿ ಸಾರಾ ಹಾರ್ಡಿಂಗ್ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ, 2024ರಲ್ಲಿ ಉಳಿದ ನಾಲ್ವರು ಮತ್ತೆ ವೇದಿಕೆಗೆ ಬಂದರು, ಅವಳ ನೆನಪಿಗೆ.

ಕೈ ಬದಲಾಗೋದು ಅಂದೆನಲ್ಲ, ಅದಕ್ಕೆ ಮತ್ತೆ ಬರ್ತೀನಿ. ಸ್ಪೈಸ್ ಗರ್ಲ್ಸ್ ಕಥೆ ಇದೆಯಲ್ಲ, ಅದು ಬಹಳ ಚೆನ್ನಾಗಿದೆ. 1994ರಲ್ಲಿ ಲಂಡನ್ನಿನ ನಾಟಕದ ಪತ್ರಿಕೆಯಲ್ಲಿ ಅಪ್ಪ ಮಗ ಇಬ್ಬರು ಮ್ಯಾನೇಜರುಗಳು ಜಾಹೀರಾತು ಕೊಟ್ಟರು. ಸುಮಾರು 400 ಹುಡುಗಿಯರು ಬಂದರು. ಆರಿಸಿದ ಐವರನ್ನ ಒಂದು ಮನೆಯಲ್ಲಿ ಇಟ್ಟು ತರಬೇತಿ ಕೊಟ್ಟರು. ಒಟ್ಟಿಗೆ ಅಡುಗೆ, ಒಟ್ಟಿಗೆ ಜಗಳ. ಮ್ಯಾನೇಜರುಗಳು ತಂಡ ಕಟ್ಟೋಕೆ ಅಂತ ಹಾಗೆ ಮಾಡಿದ್ದು, ಅಲ್ಲಿ ನಿಜವಾಗಲೂ ತಂಡ ಆಗಿಬಿಟ್ಟಿತು! 1995ರಲ್ಲಿ ಆ ಹುಡುಗಿಯರು ಕರಾರಿಗೆ ಸಹಿ ಹಾಕದೇ, ತಮ್ಮ ಹಾಡುಗಳ ಟೇಪನ್ನೂ ತಗೊಂಡು ಹೊರಟೇಹೋದರು. ಬೇರೆ ಮ್ಯಾನೇಜರ್ ಹಿಡಿದರು, 1996ರಲ್ಲಿ ಬಂದ 'ವಾನಾಬಿ' ಮೂವತ್ತಕ್ಕೂ ಜಾಸ್ತಿ ದೇಶಗಳಲ್ಲಿ ನಂಬರ್ ಒನ್ ಆಯ್ತು. 1997ರಲ್ಲಿ ಆ ಎರಡನೇ ಮ್ಯಾನೇಜರನ್ನೂ ತೆಗೆದುಹಾಕಿದರು. 2012ರ ಲಂಡನ್ ಒಲಿಂಪಿಕ್ಸ್ ಸಮಾರೋಪದಲ್ಲಿ ಐವರೂ ಟ್ಯಾಕ್ಸಿಗಳ ಮೇಲೆ ನಿಂತು ಹಾಡಿದಾಗ ಅವರನ್ನ ಮೊದಲು ಆರಿಸಿದವರ ಹೆಸರು ಎಷ್ಟು ಜನಕ್ಕೆ ನೆನಪಿತ್ತು?

ಬ್ಯಾಕ್‌ಸ್ಟ್ರೀಟ್ ಬಾಯ್ಸ್‌ದು ಇನ್ನೂ ಕಹಿ. 1993ರಲ್ಲಿ ಅವರನ್ನ ಕಟ್ಟಿದ ಲೂ ಪರ್ಲ್‌ಮನ್ ಮೇಲೆ ಹಣದ ಲೆಕ್ಕಕ್ಕೆ ಅವರೇ ಕೋರ್ಟಿಗೆ ಹೋದರು. ಆಮೇಲೆ ಆತ ಸಾವಿರಾರು ಜನರ ಹಣ ಮುಳುಗಿಸಿದ್ದು ಸಾಬೀತಾಗಿ 2008ರಲ್ಲಿ 25 ವರ್ಷ ಶಿಕ್ಷೆ ಆಯ್ತು, 2016ರಲ್ಲಿ ಜೈಲುವಾಸದಲ್ಲೇ ಸತ್ತ. ತಂಡ ಅವನಿಲ್ಲದೇ ನಡೀತಿದೆ.

ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಕ್ಯಾಸೆಟ್ಟನ್ನ ನಾನು ಕೊಂಡಿದ್ದು 1999ರಲ್ಲಿ, ಬಳ್ಳಾರಿಯ ರಾಯಲ್ ಸರ್ಕಲ್ ಹತ್ತಿರದ ಒಂದು ಅಂಗಡಿಯಲ್ಲಿ. ನನಗೆ ಹದಿಮೂರು. ಇಂಗ್ಲಿಷ್ ಅರ್ಧ ತಿಳಿಯುತ್ತಿರಲಿಲ್ಲ. ಒಳಗಿನ ಮಡಚಿದ ಹಾಳೆಯಲ್ಲಿ ಸಾಹಿತ್ಯ ಇತ್ತು, ಅದನ್ನ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಕರೆಂಟ್ ಹೋದಾಗ ಮಾಳಿಗೆ ಮೇಲೆ ಹೋಗಿ ಗಟ್ಟಿಯಾಗಿ ಹಾಡುತ್ತಿದ್ದೆ. ಟೇಪು ಸಿಕ್ಕಿಹಾಕಿಕೊಂಡಾಗ ಪೆನ್ಸಿಲ್ ತೂರಿಸಿ ಸುತ್ತಿದ್ದು ಎಷ್ಟು ಸಲವೋ. ಆ ಟೇಪಿನಲ್ಲಿ ಮಡಿಕೆ ಬಿದ್ದ ಜಾಗದಲ್ಲಿ ದನಿ ಒಂದು ಕ್ಷಣ ಅಲುಗುತ್ತಿತ್ತು. ಈಗ ಫೋನಿನಲ್ಲಿ ಅದೇ ಹಾಡು ಕೇಳಿದರೂ ಆ ಜಾಗ ಬಂದಾಗ ನನ್ನ ಕಿವಿ ಅಲುಗುವ ದನಿಗೆ ಕಾಯುತ್ತೆ.

ಹತ್ತು ವರ್ಷದಿಂದ ಇಪ್ಪತ್ತೈದು ಮೂವತ್ತರವರೆಗಿನ ನೆನಪುಗಳು ಉಳಿದ ವಯಸ್ಸಿನವಕ್ಕಿಂತ ಗಟ್ಟಿಯಾಗಿ ಉಳಿಯುತ್ತವೆ ಅಂತ ಮನಶ್ಶಾಸ್ತ್ರದವರು ಬಹಳ ಹಿಂದೆಯೇ ಗಮನಿಸಿದ್ದಾರೆ. ತಯಾರಿಸಿದ ತಂಡಗಳು ಗುರಿ ಇಡೋದೇ ಆ ವಯಸ್ಸಿನ ಬಾಗಿಲಿಗೆ. ಮಾಲೀಕರು ಯೋಚಿಸೋದು ಆ ವರ್ಷದ ಪಾಕೆಟ್ ಮನಿ ಬಗ್ಗೆ. ಆದರೆ ಹದಿಮೂರರಲ್ಲಿ ಕ್ಯಾಸೆಟ್ ಕೊಂಡವನು ಮೂವತ್ತೈದಕ್ಕೆ ಸಂಬಳ ತಗೊಳ್ತಾನೆ, ಅವಾಗ ಟಿಕೆಟ್ ಕೊಳ್ಳೋಕೆ ಅವನ ಹತ್ತಿರ ದುಡ್ಡಿರುತ್ತೆ, ಮಗಳನ್ನೂ ಕರ್ಕೊಂಡು ಹೋಗ್ತಾನೆ. ಒಡೆದುಹೋದ ತಂಡಗಳು ಹತ್ತು, ಹದಿನೈದು ವರ್ಷ ಬಿಟ್ಟು ಮತ್ತೆ ಸೇರೋದರ ಹಿಂದೆ ಈ ಲೆಕ್ಕ ಇದೆ. ಬ್ರಿಟನ್ನಿನ ಟೇಕ್ ದಟ್ ತಂಡ 1996ರಲ್ಲಿ ಒಡೆದು ಹತ್ತು ವರ್ಷಕ್ಕೆ ವಾಪಸ್ ಬಂದು ಮೊದಲಿಗಿಂತ ದೊಡ್ಡದಾಯ್ತು. 2023ರ ಮೇ ತಿಂಗಳಲ್ಲಿ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಮುಂಬೈಗೆ ಬಂದಾಗ ಐವರೂ ಅದೇ ಐವರು, ಮೂವತ್ತು ವರ್ಷ ಆದಮೇಲೆ. ನಾನು ಹೋಗಲಾಗಲಿಲ್ಲ. ಅವತ್ತು ರಾತ್ರಿ ಯಾರೋ ಹಾಕಿದ ವಿಡಿಯೋ ನೋಡುತ್ತ ಕೂತಿದ್ದೆ, ಹಾಡಿನ ಅರ್ಧ ಭಾಗ ಅವರು ಹಾಡಲೇ ಇಲ್ಲ, ಮೈಕನ್ನ ಜನರ ಕಡೆ ಹಿಡಿದಿದ್ದರು.

ಹಾಗಾದರೆ ನಮ್ಮಲ್ಲಿ ಯಾಕೆ ಇಂಥ ತಂಡ ಉಳಿಯಲಿಲ್ಲ? ಪ್ರಯತ್ನ ನಡೆದಿತ್ತು. 2002ರಲ್ಲಿ ಚಾನೆಲ್ ವೀ ಸ್ಪರ್ಧೆಯಿಂದ ವಿವಾ ಅನ್ನುವ ಐದು ಹುಡುಗಿಯರ ತಂಡ ಬಂತು. ನೇಹಾ ಭಸಿನ್, ಅನುಷ್ಕಾ ಮನ್‌ಚಂದಾ ಅದರಲ್ಲಿದ್ದವರು. ಮರುವರ್ಷ ಆಸ್ಮಾ ಬಂತು, ನೀತಿ ಮೋಹನ್ ಅಲ್ಲಿದ್ದವಳು. ಹೆಸರು ನೋಡಿದರೇ ಗೊತ್ತಾಗುತ್ತೆ, ಪ್ರತಿಭೆಗೆ ಏನೂ ಕೊರತೆ ಇರಲಿಲ್ಲ. ಆದರೆ ಎರಡೂ ಬೇಗ ಮುಗಿದವು. ಒಂದು ಕಾರಣ, ಟೀವಿಗೆ ಬೇಕಿದ್ದು ಸ್ಪರ್ಧೆ, ತಂಡ ಅಲ್ಲ. ಸ್ಪರ್ಧೆ ಮುಗಿದ ಮೇಲೆ ಮುಂದಿನ ಸ್ಪರ್ಧೆ. ಇನ್ನೊಂದು ದೊಡ್ಡ ಕಾರಣ ಸಿನಿಮಾ. ನಮ್ಮಲ್ಲಿ ಹಾಡು ಬರೆಯುವವರು, ಟ್ಯೂನ್ ಹಾಕುವವರು, ಕುಣಿತದವರು, ಕೇಳುಗರು ಎಲ್ಲರೂ ಸಿನಿಮಾ ಅನ್ನುವ ಒಂದೇ ದೊಡ್ಡ ಕಾರ್ಖಾನೆಯಲ್ಲಿ ಇದ್ದಾರೆ. ಒಳ್ಳೆಯ ಕಂಠ ಕಂಡರೆ ಅದು ಎಳ್ಕೊಂಡುಬಿಡುತ್ತೆ. ಆ ಹುಡುಗಿಯರೂ ಅಲ್ಲಿಗೇ ಹೋದರು, ಒಬ್ಬೊಬ್ಬರಾಗಿ ಹೆಸರು ಮಾಡಿದರು. ಜಾತ್ರೆಯ ರಸಮಂಜರಿ ಕಾರ್ಯಕ್ರಮ ನೋಡಿ ಬೇಕಾದರೆ, ವೇದಿಕೆ ಮೇಲೆ ಎಷ್ಟು ಒಳ್ಳೆಯ ಹಾಡುಗಾರರಿದ್ದರೂ ಹಾಡೋದು ಸಿನಿಮಾ ಹಾಡು. ಅವರ ತಂಡದ್ದೇ ಒಂದು ಹಾಡು ಅಂತ ಇರಲ್ಲ. ನನಗೆ ಇದು ನಿಜವಾಗಲೂ ನೋವಿನ ವಿಷಯ.

ಕೊರಿಯಾದವರು ಇದೇ ಕೆಲಸವನ್ನ ಎಲ್ಲರಿಗಿಂತ ಶಿಸ್ತಿನಿಂದ ಮಾಡಿದರು. ಲೀ ಸೂ ಮಾನ್ ಅವರ ಎಸ್‌ಎಂ ಕಂಪನಿ 1996ರಲ್ಲಿ ಎಚ್‌ಓಟಿ ತಂಡ ತಂದಾಗಿನಿಂದ, ಮಕ್ಕಳನ್ನ ಚಿಕ್ಕ ವಯಸ್ಸಲ್ಲೇ ಆರಿಸಿ, ವರ್ಷಗಟ್ಟಲೆ ಹಾಡು, ಕುಣಿತ, ಭಾಷೆ ಕಲಿಸಿ ತಂಡ ಮಾಡೋದು ಅಲ್ಲಿ ಪದ್ಧತಿ ಆಯ್ತು. ಕರಾರುಗಳು ಕ್ರೂರವಾಗಿದ್ದವು. 2009ರಲ್ಲಿ ಟಿವಿಎಕ್ಸ್‌ಕ್ಯೂ ತಂಡದ ಮೂವರು 13 ವರ್ಷದ ಕರಾರಿನ ವಿರುದ್ಧ ಕೋರ್ಟಿಗೆ ಹೋದರು. ಆ ಗಲಾಟೆಯ ಹೊತ್ತಿಗೇ ಸರ್ಕಾರದ ವ್ಯಾಪಾರ ಆಯೋಗ ಮಾದರಿ ಕರಾರು ತಂದು 7 ವರ್ಷ ಅಂತ ಮಾಡಿತು. ಅದಕ್ಕೇ ಅಲ್ಲಿ ಬಹಳ ತಂಡ ಏಳನೇ ವರ್ಷಕ್ಕೆ ಒಡೆಯುತ್ತವೆ. ಅಭಿಮಾನಿಗಳು ಅದನ್ನ ಏಳರ ಶಾಪ ಅಂತಾರೆ.

ಬಿಟಿಎಸ್ ಆ ಏಳನ್ನ ದಾಟಿದ್ದು ಹೇಗೆ? ಅದರ ಮಾಲೀಕ ಬಾಂಗ್ ಶಿ ಹ್ಯೂಕ್ ಕಂಪನಿ ಆಗ ಚಿಕ್ಕದು. ಹುಡುಗರಲ್ಲಿ ಆರ್‌ಎಂ, ಶುಗಾ, ಜೆ ಹೋಪ್ ಮೊದಲಿನಿಂದಲೂ ತಾವೇ ಹಾಡು ಬರೆಯುತ್ತಿದ್ದರು. ಕರಾರು ಮುಗಿಯುವ ಮೊದಲೇ 2018ರಲ್ಲಿ ಮತ್ತೆ ಸಹಿ ಹಾಕಿದರು, 2023ರಲ್ಲಿ ಇನ್ನೊಮ್ಮೆ. ನಡುವೆ 2020ರಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಹೋಗುವ ಮುಂಚೆ ಮಾಲೀಕ ಏಳು ಜನಕ್ಕೂ ತಲಾ 68,385 ಷೇರು ಬರೆದುಕೊಟ್ಟ. ಮಾಲು ಅಂತ ಆರಿಸಿಕೊಂಡ ಹುಡುಗರು ಪಾಲುದಾರರಾದರು. 2022ರ ಕೊನೆಯಿಂದ ಒಬ್ಬೊಬ್ಬರಾಗಿ ಕಡ್ಡಾಯ ಸೇನಾ ಸೇವೆಗೆ ಹೋಗಿ 2025ರ ಜೂನ್‌ಗೆ ಎಲ್ಲರೂ ಹೊರಬಂದರು, ತಂಡ ಹಾಗೇ ಇತ್ತು.

ಇನ್ನು ಕೇಳುವವರ ಕೈ. ನನ್ನ ಅಕ್ಕನ ಮಗಳು ಆಲ್ಬಮ್ ತರಿಸೋದು ಒಬ್ಬಳೇ ಅಲ್ಲ. ಬಳ್ಳಾರಿಯವರು ನಾಲ್ಕು ಜನ, ಹೊಸಪೇಟೆಯವರು ಇಬ್ಬರು, ಗಂಗಾವತಿಯವಳು ಒಬ್ಬಳು, ಸಿಂಧನೂರಿನವಳು ಒಬ್ಬಳು, ಎಂಟು ಜನ ಸೇರಿ ಗ್ರೂಪ್ ಆರ್ಡರ್ ಹಾಕ್ತಾರೆ, ಸಾಗಾಟದ ಖರ್ಚು ಹಂಚಿಕೊಳ್ಳೋಕೆ. ಪಾರ್ಸಲ್ ಬಂದ ದಿನ ವಿಡಿಯೋ ಕಾಲ್ ಮಾಡಿ, ಎಲ್ಲರೂ ನೋಡುತ್ತಿರುವಾಗಲೇ ಕತ್ತರಿಯಿಂದ ಅಂಚು ಕತ್ತರಿಸಿ ಬಿಚ್ಚಬೇಕು, ಅದು ನಿಯಮ. ಆಲ್ಬಮ್ಮಿನಲ್ಲಿ ಯಾವ ಕಾರ್ಡ್ ಬರುತ್ತೆ ಅಂತ ಮೊದಲೇ ಗೊತ್ತಿರಲ್ಲ, ಆಮೇಲೆ ಅದಲು ಬದಲು. ಹೌದು, ಬೇರೆ ಬೇರೆ ಕಾರ್ಡ್ ಹಾಕೋದು ಕಂಪನಿಯವರು ಜಾಸ್ತಿ ಮಾರೋಕೆ ಹೂಡಿದ ಉಪಾಯವೇ. ಆದರೆ ಆ ಎಂಟು ಹುಡುಗಿಯರ ಗೆಳೆತನ ಕಂಪನಿ ಹೊಲಿದಿದ್ದಲ್ಲ. ಸಿಂಧನೂರಿನವಳ ಅಮ್ಮನಿಗೆ ಆಪರೇಷನ್ ಆದಾಗ ಇವಳು ಬಸ್ ಹತ್ತಿ ಹೋಗಿ ನೋಡಿಕೊಂಡು ಬಂದಳು.

ಇದನ್ನೆಲ್ಲ ಮೊನ್ನೆ ಭಾನುವಾರ ಭಾವನ ಯೂನಿಟ್ಟಿನಲ್ಲಿ ಕೂತು ಹೇಳುತ್ತಿದ್ದೆ. ಮಷೀನೆಲ್ಲ ನಿಂತಿದ್ದವು. ಅವರು ಒಂದು ಕಟ್ಟು ಪ್ಯಾಂಟನ್ನ ತೊಡೆಯ ಮೇಲಿಟ್ಟುಕೊಂಡು ಸೊಂಟದ ಒಳಗೆ ಹೊಲಿಯಬೇಕಾದ ಲೇಬಲ್ ಎಣಿಸುತ್ತಿದ್ದರು. ಜಾಬ್ ವರ್ಕ್ ಅಲ್ವಾ, ಲೇಬಲ್ ಬೇರೆ ಊರಿನ ಕಂಪನಿಯದು. ನಾನು ಕೊನೆಗೆ ಕೊರಿಯಾದ ಶಿನ್ಹ್ವಾ ತಂಡದ ಕಥೆ ಹೇಳಿದೆ. 1998ರಲ್ಲಿ ಬಂದ ಆರು ಜನ, 2003ರಲ್ಲಿ ಆರೂ ಜನ ಒಟ್ಟಿಗೆ ಹಳೆಯ ಕಂಪನಿ ಬಿಟ್ಟರು. ಆದರೆ ತಂಡದ ಹೆಸರು ಅವರದಾಗಿರಲಿಲ್ಲ, ಹಕ್ಕು ಕಂಪನಿಯ ಹತ್ತಿರ ಇತ್ತು, ಅದು ಕೈಯಿಂದ ಕೈಗೆ ಹೋಗಿ ಜಗಳ ಕೋರ್ಟು ಹತ್ತಿತು. ತಮ್ಮದೇ ಹೆಸರು ತಮ್ಮ ಕೈಗೆ ಬಂದಿದ್ದು 2015ರಲ್ಲಿ.

ಭಾವ ಎಣಿಸೋದು ನಿಲ್ಲಿಸಿದರು.

"ಅಂದ್ರೆ ಹನ್ನೆರಡು ವರ್ಷ?"

"ಹೌದು ಭಾವ."

"ಆರೂ ಮಂದಿ ಇದ್ರಾ ಅಲ್ಲಿವರೆಗೂ? ಯಾರೂ ಬಿಟ್ಟು ಹೋಗಲಿಲ್ಲ?"

"ಯಾರೂ ಬಿಡಲಿಲ್ಲ."

ಅವರು ಕೈಯಲ್ಲಿದ್ದ ಲೇಬಲನ್ನ ಸ್ವಲ್ಪ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಮೇಲೆ ಮನೆಯ ಕಡೆ ಮುಖ ಮಾಡಿ ಮಗಳನ್ನ ಕೂಗಿದರು, "ಏ, ಆ ಆರು ಮಂದಿ ಹಾಡು ಇದ್ರೆ ಹಾಕು, ಕೇಳೋಣ."